ಅರ್ಧ ಗಂಟೆ ಮುಂದೂಡಲಾಗಿದೆ

ಕೋರಂ ಇಲ್ಲ.
ಬೈಲಾ ಹನ್ನೊಂದರ ಪ್ರಕಾರ ಸಭೆಯನ್ನು
ಅರ್ಧ ಗಂಟೆ ಮುಂದೂಡಲಾಗಿದೆ ಎಂದು
ಹಮ್ಮಣ್ಣ ಮಾಸ್ತರರು ಘೋಷಿಸಿದರು,
ಎಂಟು ಜನರಿಗೆ, ಮೈಕಿನಲ್ಲಿ.

ಕೋಡಿಬಾಗದ ಹಾಸ್ಟೆಲಿನ ಹಳೆಯ ಹುಡುಗರ ಸಂಘ.
ದಾಖಲೆಯಲ್ಲಿ ಮುನ್ನೂರ ಹನ್ನೆರಡು ಮಂದಿ.
ಹತ್ತೊಂಬತ್ತು ಹೆಸರಿನ ಮುಂದೆ ಪೆನ್ಸಿಲಿನ ಸಣ್ಣ ಗೀಟು,
ಅವರಿನ್ನು ಬರುವುದಿಲ್ಲ.
ಶಾಯಿಯಲ್ಲಿ ಹೊಡೆದುಹಾಕಲು ನನಗೆ ಮನಸ್ಸಾಗಲಿಲ್ಲ.
ಉಳಿದವರೇ, ಬರಬಹುದಾಗಿದ್ದೂ ಬಾರದವರೇ,
ಈ ಅರ್ಧ ಗಂಟೆ ನಿಮ್ಮದು. ಕೇಳಿ.

ರಂಪಣಿ ಬಲೆಯ ಮಾತು ಎತ್ತುವುದಿಲ್ಲ.
ಹೋದ ವರ್ಷ ಎತ್ತಿದ್ದೆ:
ದಂಡೆಯಲ್ಲಿ ಹಗ್ಗ ಮುಟ್ಟಿದವನಿಗೆಲ್ಲ ಪಾಲುಂಟು ಎಂದು.
ಚಪ್ಪಾಳೆ ಬಿತ್ತು.
ಬೈತಖೋಲದ ಉಲ್ಲಾಸ ತಾಂಡೇಲ ಎದ್ದು ನಿಂತು
'ಮೊದಲು ಮೀನು ಬರಲಿ ಮಾರಾಯ' ಎಂದ.
ನಕ್ಕೆವು. ನಕ್ಕು, ಉಂಡು,
ಮೂರೂವರೆಯ ಬಸ್ಸಿಗೆ ಎಲ್ಲರೂ ಹೋದೆವು.

ಹಾಗಾಗಿ ಮೆಸ್ಸಿನ ಮಾತು.
ನೆನಪುಂಟೋ ಆ ಸರದಿ ಪಟ್ಟಿ,
ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ?
ವಾರಕ್ಕೆ ಇಬ್ಬರು.
ನಸುಕಿನಲ್ಲಿ ಸೈಕಲ್ಲಿಗೆ ಬುಟ್ಟಿ ಕಟ್ಟಿ,
ಪೇಟೆಯಲ್ಲಿ ಮೀನಿನ ಹೆಂಗಸರ ಜೊತೆ ನಾಲ್ಕಾಣೆಗೆ ಜಗಳವಾಡಿ,
ಬಂಗಡೆಯೋ ತಾರ್ಲೆಯೋ, ಮೀನು ತಿನ್ನದವರಿಗೆ ಬಸಳೆಯೋ ತಂದು,
ರಾತ್ರಿ ಕಂದೀಲಿನಲ್ಲಿ
ನಲವತ್ತಾರು ಹೊಟ್ಟೆಗಳ ಲೆಕ್ಕ ಬರೆದು,
ಹನ್ನೆರಡು ಪೈಸೆ ತಾಳೆಯಾಗದಿದ್ದರೆ
ನಿದ್ದೆಗೆಡುವ ಹದಿನೇಳರ ಪೋರರು ನಾವು.
ಆಗ ಯಾರೂ 'ಪುರಸೊತ್ತಿಲ್ಲ' ಎನ್ನಲಿಲ್ಲ.
ಎಂದಿದ್ದರೆ ಉಪವಾಸ.

ಹದಿನೆಂಟು ವರ್ಷದಿಂದ ಮಾಸ್ತರರೇ ಕಾರ್ಯದರ್ಶಿ.
'ನಿಮ್ಮ ಹಾಗೆ ಯಾರಿಗೆ ಬರುತ್ತದೆ' ಎಂದು
ಹೊಗಳಿ ಹೊಗಳಿಯೇ ಅವರ ಬೆನ್ನು ಬಗ್ಗಿಸಿದೆವು.
ಈ ಜೂನಿನಲ್ಲಿ ಅವರು ನಲವತ್ತು ದಿನ ಆಸ್ಪತ್ರೆಯಲ್ಲಿ.
ಕದ್ರಾದ ಹುಡುಗನೊಬ್ಬನ ಅರ್ಜಿ,
ಐಟಿಐ ಶುಲ್ಕ, ಮೂರು ಸಾವಿರದ ಇನ್ನೂರು,
ಅವರ ಜಗಲಿಯ ಟಪಾಲು ಡಬ್ಬಿಯೊಳಗೆ
ತೇವ ಕುಡಿಯುತ್ತ ಕೂತಿತ್ತು.
ಹಣವಿತ್ತು. ನಾನು ಖಜಾಂಚಿ, ನಾನೇ ಹೇಳುತ್ತೇನೆ,
ಒಂದು ಲಕ್ಷ ಎಂಬತ್ತು ಸಾವಿರ ಇತ್ತು.
ಚೆಕ್ಕಿಗೆ ಎರಡು ಸಹಿ ಬೇಕು.
ಒಂದು ನನ್ನದು.

ಹುಡುಗ ಈಗ ಮರಳಿನ ಟಿಪ್ಪರಿನಲ್ಲಿ ಕ್ಲೀನರು.
ಹೆಸರು ಹೇಳುವುದಿಲ್ಲ.
ಅವನು ನಮ್ಮನ್ನು ಬೈಯಲೂ ಇಲ್ಲ.

ದುಡ್ಡು ಬೇಡ.
ವಾಟ್ಸಾಪಿನಲ್ಲಿ ಕೈಮುಗಿಯುವ ಚಿತ್ರವೂ ಬೇಡ,
ಅದು ನನ್ನ ಫೋನಿನಲ್ಲಿ ಸಾಕಷ್ಟಿದೆ.
ತಿಂಗಳಿಗೊಂದು ರವಿವಾರ ಕೊಡಿ.
ಲಕೋಟೆ ಒಡೆಯುವ ಎರಡು ಕೈ,
ಕರೆದರೆ 'ಹೌದು, ಹೇಳು' ಎನ್ನುವ ಒಂದು ಗಂಟಲು.
ಅಂಕೋಲೆಯಲ್ಲಿದ್ದವ ಅಂಕೋಲೆಯ ಮಕ್ಕಳನ್ನು ನೋಡಲಿ,
ಮಾಜಾಳಿಯವ ಮಾಜಾಳಿಯವರನ್ನು.
ತಪ್ಪಾದರೆ ಆಗಲಿ.
ಎಂಬತ್ತೈದರ ಲೆಕ್ಕದಲ್ಲಿ ಹಿತ್ತಾಳೆಯ ಹಂಡೆಯೊಂದು
ಇವತ್ತಿಗೂ ಸಿಕ್ಕಿಲ್ಲ. ಯಾರನ್ನೂ ನೇಣಿಗೆ ಹಾಕಲಿಲ್ಲ.

ಇನ್ನೈದು ನಿಮಿಷ.
ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ,
ಬೈಲಾ ಬರೆದವನು ನಮ್ಮನ್ನು ಚೆನ್ನಾಗಿ ಬಲ್ಲ.
ಕಾಳಿಯ ಸೇತುವೆಯ ಮೇಲೆ ಯಾವುದೋ ಲಾರಿ
ಕಿಟಕಿಯ ಗಾಜನ್ನು ಗದಗದ ಅಲುಗಿಸಿ ದಾಟಿತು.

ಬಾಗಿಲಲ್ಲಿ ಒಬ್ಬ, ಕೈಯಲ್ಲಿ ಹೆಲ್ಮೆಟ್ಟು.
ಇನಾಸ್ ಲೋಪಿಸ್, ಎಂಬತ್ತೊಂಬತ್ತರ ಬ್ಯಾಚು.
'ಊಟ ಮುಗೀತೋ?'
'ಸಭೆಯೇ ಶುರುವಾಗಲಿಲ್ಲ. ನಡಾವಳಿ ಬರೆಯುತ್ತೀಯೋ?'
'ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು.'
'ನಮ್ಮದೂ.'

ಮಾಸ್ತರರು ನಡುಗುವ ಕೈಯಿಂದ
ರಜಿಸ್ಟರನ್ನು ಮೇಜಿನ ಅಂಚಿಗೆ ದೂಡಿದರು.
ಅವನು ಕೂರಲಿಲ್ಲ. ಹೋಗಲೂ ಇಲ್ಲ.
ಹೆಲ್ಮೆಟ್ಟು ಎಲ್ಲಿಡಲಿ ಎಂದು
ಆಚೀಚೆ ನೋಡುತ್ತ ನಿಂತ,
ಬಾಡಿಗೆಗೆ ತಂದ ನೂರರಲ್ಲಿ
ತೊಂಬತ್ತೊಂದು ಕುರ್ಚಿ ಖಾಲಿಯಿದ್ದ ಆ ಹಾಲಿನಲ್ಲಿ.